ಗಾರ್ಡಿನ ಡಬ್ಬಿ

ಮಡಿಕೇರಿಗೆ ರೈಲು ಬಂದದ್ದು ತಿರುಮಲೇಶ್ವರಯ್ಯನ ಮನೆಗೆ ಮಾತ್ರ. ಊರಿಗೆ ಬರಲಿಲ್ಲ, ಇಡೀ ಕೊಡಗಿಗೇ ಬರಲಿಲ್ಲ. ಅಳತೆಯವರು ಬಂದು ಹೋದರಂತೆ, ಈ ಸಲ ಖಂಡಿತವಂತೆ ಎಂದು ಹೇಳಿಕೊಳ್ಳುತ್ತಲೇ ಜನ ಮುದುಕರಾದರು. ಕೋಟೆಯ ಕಚೇರಿಯಲ್ಲಿ ನಕಲು ಗುಮಾಸ್ತನಾಗಿದ್ದ ತಿರುಮಲೇಶ್ವರಯ್ಯ ಹಾಗೆ ಕಾದು ಕೂರುವ ಪೈಕಿ ಅಲ್ಲ. ಮಹದೇವಪೇಟೆಯ ತನ್ನ ಮನೆಯಲ್ಲಿ, ಜಗಲಿಗೆ ಅಂಟಿಕೊಂಡ ಕೋಣೆಯೊಳಗೆ, ಪೆಟ್ಟಿಗೆ ಬಿಗಿಯುವ ಕಬ್ಬಿಣದ ಪಟ್ಟಿಯನ್ನು ಹಳಿ ಮಾಡಿ, ಹಲಸಿನ ಮರದ ಚೂರುಗಳನ್ನು ಅದರ ಅಡಿಗೆ ಸಾಲಾಗಿ ಹೊಡೆದು, ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಫ್ರೇಜರ್‌ಪೇಟೆ, ಸುಂಟಿಕೊಪ್ಪದ ಮೇಲೆ ಮಡಿಕೇರಿಯವರೆಗೆ ರೈಲು ತಂದುಬಿಟ್ಟ. ಎಲ್ಲ ಒಂದು ದೊಡ್ಡ ಹಲಗೆಯ ಮೇಲೆ. ಓಡುವುದು ಅವನೇ ತಗಡು ಕತ್ತರಿಸಿ ಮಾಡಿದ, ಕೀಲಿ ಕೊಡುವ ಗಾಡಿ. ಫ್ರೇಜರ್‌ಪೇಟೆಯಲ್ಲಿ ಕಾವೇರಿಗೆ ಸೇತುವೆಯೂ ಇತ್ತು. ಅದು ಮೂಕಾಂಬಿಕೆಯ ಮರದ ಬಾಚಣಿಗೆ ಒಡೆದು ಮಾಡಿದ್ದು, ಅವಳನ್ನು ಕೇಳದೆ ತೆಗೆದುಕೊಂಡದ್ದು.

ಮೂಕಾಂಬಿಕೆ ಅವನ ಹೆಂಡತಿ. ಊರಿನವರು ಇವತ್ತಿಗೂ ಇದನ್ನು 'ರೈಲು ಭಟ್ಟರ ಕಥೆ' ಎಂದೇ ಹೇಳಿ ನಗುತ್ತಾರೆ. ನಗಲಿ. ನನ್ನನ್ನು ಕೇಳಿದರೆ ಇದು ಅವಳ ಕಥೆ.

ಅವಳು ಭಾಗಮಂಡಲದ ಕಡೆಯ ಅರ್ಚಕರ ಮನೆಯ ಹುಡುಗಿ. ಹದಿನಾಲ್ಕಕ್ಕೆ ಈ ಮನೆಗೆ ಬಂದಳು. ಎರಡು ಹೆತ್ತಳು. ಎರಡೂ ನಾಮಕರಣದ ಮೊದಲೇ ಹೋದವು. ಆಮೇಲೆ ಆಗಲಿಲ್ಲ. ತಿರುಮಲೇಶ್ವರಯ್ಯ ಅದರ ಬಗ್ಗೆ ಒಂದು ದಿನವೂ ಬಾಯಿಬಿಡಲಿಲ್ಲ. ಎರಡನೆಯದು ಹೋದ ವರ್ಷವೇ ಕೋಣೆಗೆ ಹಲಗೆ ತಂದು ಹಾಕಿದ. ಬಾಗಿಲಿಗೆ ಬೀಗ ಬಂತು. ಬೀಗದ ಕೈ ಅವನ ಜನಿವಾರಕ್ಕೆ ಗಂಟುಬಿತ್ತು. ಆಟದ ಸಾಮಾನು ತುಂಬಿದ ಆ ಕೋಣೆಗೆ ಅವಳಿಗೆ ಪ್ರವೇಶವಿಲ್ಲ. ಕಸ ಗುಡಿಸುವುದಿದ್ದರೂ ಅವನೇ ಗುಡಿಸುತ್ತಿದ್ದ, ಬೇರೆಲ್ಲೂ ಪೊರಕೆ ಮುಟ್ಟದ ಗಂಡಸು.

"ನಿಮ್ಮ ಮನೇಲಿ ಆಟದ ಸಾಮಾನಿಗೆ ಏನೂ ಕಡಿಮೆ ಇಲ್ಲ ಅಲ್ವಾ ಮೂಕಾಂಬಿಕಾ?" ಎಂದು ಪಕ್ಕದ ಮನೆಯ ಮನೋರಮಾ ಬಾವಿಕಟ್ಟೆಯಲ್ಲಿ ಕೇಳುತ್ತಿದ್ದಳು. "ಆಡ್ಲಿಕ್ಕೆ ಜನ ಇಲ್ಲ ಅಂತ ಯಜಮಾನ್ರೇ ಆಡ್ತಾರಂತಲ್ಲ ಮಾರಾಯ್ತಿ."

ಮೂಕಾಂಬಿಕೆ ಕೊಡ ಎತ್ತಿಕೊಂಡು ಬರುತ್ತಿದ್ದಳು. ಅವಳಿಗೆ ರೈಲಿನ ಮೇಲೆ ಸಿಟ್ಟಿರಲಿಲ್ಲ. ಇದನ್ನು ನೀವು ನಂಬಬೇಕು. ಒಂದು ಸಲ, ಒಂದೇ ಸಲ, "ಬಾ, ನೋಡು" ಎಂದು ಅವನು ಒಳಗೆ ಕರೆಯಲಿ ಎಂಬುದಷ್ಟೇ ಅವಳ ಆಸೆ. ಹನ್ನೊಂದು ವರ್ಷ ಆ ಎರಡು ಮಾತಿಗೆ ಕಾದಳು.

ಅವನಿಗೆ ಈ ಹುಚ್ಚಿನಲ್ಲಿ ಜೊತೆಯೆಂದರೆ ಪೆನ್‌ರೋಸ್ ದೊರೆ. ಸುಂಟಿಕೊಪ್ಪದ ಆಚೆ ಕಾಫಿ ಎಸ್ಟೇಟು ಮಾಡಿಕೊಂಡಿದ್ದ ಒಂಟಿ ಮುದುಕ. ಜಮೀನಿನ ಕಾಗದದ ನಕಲಿಗೆಂದು ಕಚೇರಿಗೆ ಬಂದವನು ಗುಮಾಸ್ತನ ಮೇಜಿನ ಮೇಲೆ ಕೈಯಲ್ಲಿ ಬರೆದ ಇಂಜಿನ್ನಿನ ಚಿತ್ರ ನೋಡಿದ. ಅಲ್ಲಿಗೆ ದೊರೆಯೂ ಗುಮಾಸ್ತನೂ ಒಂದೇ ದೇವರ ಒಕ್ಕಲಾದರು. ಒಕ್ಕಲಾದರೂ ದೊರೆ ಕುರ್ಚಿಯಲ್ಲಿ, ಗುಮಾಸ್ತ ನಿಂತುಕೊಂಡು. ಅದು ಬೇರೆ ಮಾತು.

ಆಟದ ರೈಲು ಮಾಡುವ ವಿಲಾಯಿತಿಯ ಕಂಪನಿಯವರು ವರ್ಷಕ್ಕೊಂದು ಕ್ಯಾಟಲಾಗು ಅಚ್ಚು ಹಾಕುತ್ತಿದ್ದರು. ಆ ವರ್ಷ ಹೊಸದಾಗಿ ಬಂದ ಇಂಜಿನ್ನುಗಳು, ಹೊಸ ಡಬ್ಬಿಗಳು, ಯಾವುದಕ್ಕೆ ಎಷ್ಟು ಚಕ್ರ, ಯಾವುದಕ್ಕೆ ಯಾವ ಬಣ್ಣ, ಎಲ್ಲ ಅದರಲ್ಲಿ. ದೊರೆ ಓದಿ ಮುಗಿಸಿದ ಮೇಲೆ ಅದು ತಿರುಮಲೇಶ್ವರಯ್ಯನಿಗೆ ಬರುತ್ತಿತ್ತು. ಬಂದ ದಿನ ಅವನು ಜಗಲಿಯಲ್ಲೇ ಕೂತು, ಕಾಲು ತೊಳೆಯದೆ, ಅಂಗಿ ಕಳಚದೆ, ಪುಟ ತಿರುವಿದ್ದೇ ತಿರುವಿದ್ದು. "ಅಬ್ಬ, ಈ ಸಲ ಮುಂದಿನ ಚಕ್ರ ನಾಲ್ಕು ಮಾಡಿದ್ದಾರೆ! ಹೊಗೆ ಕೊಳವೆ ಗಿಡ್ಡ ಮಾಡಿದ್ದಾರೆ!" ಎಂದು ಗೋಡೆಗೆ ಹೇಳುತ್ತಿದ್ದ. ತಂಗಿಯ ಮಗಳ ಮದುವೆಯ ಕಾಗದ ಬಂದಾಗಲೂ ಅವನ ಮುಖ ಹಾಗೆ ಅರಳಿದ್ದನ್ನು ಮೂಕಾಂಬಿಕೆ ನೋಡಿರಲಿಲ್ಲ.

ಅಂಥ ಒಂದು ಸಂಜೆ ಅವಳು ಕಾಫಿ ಲೋಟ ಇಡಲು ಬಂದವಳು ತೆರೆದ ಪುಟ ಕಂಡು ಅಲ್ಲೇ ನಿಂತಳು. ಹಸಿರು ಬಣ್ಣದ ಒಂದು ಪುಟ್ಟ ಡಬ್ಬಿ. ಹಿಂದೆ ಮುಂದೆ ಜಗಲಿ, ಕಟಾಂಜನ, ಮಾಡಿನ ಮೇಲೆ ಒಲೆಯ ಹೊಗೆ ಹೋಗಲು ಕೊಳವೆ, ಹಿಂಬದಿಗೆ ಕೆಂಪು ದೀಪ.

"ಇದು ಮನೆ ಹಾಗೇ ಉಂಟಲ್ಲ," ಎಂದಳು.

ಯಾವ ಗಳಿಗೆಯೋ, ಅವನು ಉತ್ತರ ಕೊಟ್ಟ. "ಅದು ಗಾರ್ಡಿನ ಡಬ್ಬಿ. ಈ ವರ್ಷವೇ ಹೊಸದಾಗಿ ಬಿಟ್ಟದ್ದು. ಗಾಡಿಯ ಕಟ್ಟಕಡೆಗೆ ಇರ್ತದೆ. ಅದರ ಕೆಂಪು ದೀಪ ಕಂಡ ಮೇಲೇ ಸ್ಟೇಷನ್ ಮಾಸ್ತರು ಗಾಡಿ ಪೂರ್ತಿ ಬಂತು ಅಂತ ಬರ್ಕೊಳ್ಳೋದು. ಅದು ಬರ್ಲಿಲ್ಲ ಅಂದ್ರೆ ಗಾಡಿ ಬಂದ ಹಾಗಲ್ಲ."

"ಒಳಗೆ ಒಲೆ ಉಂಟಾ?"

"ಉಂಟು. ಗಾರ್ಡಿಗೆ ಚಳಿ ಆಗ್ತದಲ್ಲ."

ಅಷ್ಟೇ. ಪುಟ ತಿರುಗಿತು. ಆದರೆ ಮೂಕಾಂಬಿಕೆ ಆ ಮಾತುಕತೆಯನ್ನು ಎಷ್ಟೋ ದಿನ ಇಟ್ಟುಕೊಂಡಳು. ಒಲೆ ಊದುವಾಗ, ಅಕ್ಕಿ ಆರಿಸುವಾಗ ಆ ಡಬ್ಬಿ ಕಣ್ಣಿಗೆ ಕಟ್ಟುತ್ತಿತ್ತು: ಸಣ್ಣ ಜಗಲಿ, ಸಣ್ಣ ಒಲೆ, ಎಲ್ಲಕ್ಕೂ ಕಡೆಗೆ ಒಂದು ದೀಪ. ಇಂಜಿನ್ನೆಲ್ಲ ಅವರೇ ಇಟ್ಟುಕೊಳ್ಳಲಿ, ಅದೊಂದು ಸಿಕ್ಕಿದರೆ ನನಗೆ ಸಾಕು ಎಂದು ಮನಸ್ಸಿನಲ್ಲೇ ಪಾಲು ಮಾಡಿಕೊಂಡಳು. ಕೇಳುವುದಕ್ಕೆ ಮಾತ್ರ ಬಾಯಿ ಬರಲಿಲ್ಲ. ನಲವತ್ತರ ಹೆಂಗಸು ಗೊಂಬೆ ಕೇಳುವುದೇ?

ಮರುವರ್ಷ ದಸರೆಗೆ ಮುಂಚೆ ಪೆನ್‌ರೋಸ್ ದೊರೆಯ ಮೋಟಾರು ಮಹದೇವಪೇಟೆಗೆ ಬಂತು. ಆ ಸಾಲಿನ ಹೊಸ ಇಂಜಿನ್ನನ್ನು ದೊರೆ ತರಿಸಿದ್ದ. ಕೀಲಿ ಕೊಟ್ಟು ಓಡಿಸುವುದಲ್ಲ, ನಿಜವಾಗಿ ನೀರು ಕಾಯಿಸಿ ಹಬೆಯಲ್ಲಿ ಓಡುವುದು. ಹೊಟ್ಟೆಯೊಳಗೆ ಸ್ಪಿರಿಟ್ಟಿನ ದೀಪ. ಮೈಯೆಲ್ಲ ಹಸಿರು, ಅಂಚಿಗೆ ಕೂದಲೆಳೆಯಷ್ಟು ತೆಳುವಾದ ಕೆಂಪು ಗೆರೆ, ಪಕ್ಕದಲ್ಲಿ ಚಿನ್ನದ ಬಣ್ಣದ ಅಂಕೆ. ಆದರೆ ದೀಪದ ಬತ್ತಿ ಸರಿಯಿಲ್ಲದೆ ಬೆಂಕಿ ಹೊರಗೆ ನಾಲಿಗೆ ಚಾಚಿ, ಒಂದು ಕಡೆ ಬಣ್ಣ ಗುಳ್ಳೆಯೆದ್ದು ಕಪ್ಪಾಗಿತ್ತು. ದೊರೆಯ ಕೈ ನಡುಗುವ ಕೈ. "ನೀನು ಸರಿ ಮಾಡು, ಭಟ್. ದಸರಾ ಆದ ದಿನ ನಾನು ಬರುತ್ತೆ," ಎಂದು ಬಿಟ್ಟುಹೋದ.

ತಿರುಮಲೇಶ್ವರಯ್ಯನಿಗೆ ಕಾಲು ನೆಲಕ್ಕೆ ತಾಗಲಿಲ್ಲ. ಹತ್ತು ದಿನ, ಕಚೇರಿಯ ಹೊತ್ತು ಬಿಟ್ಟರೆ, ಅವನು ಇದ್ದದ್ದು ಆ ಕೋಣೆಯಲ್ಲೇ. ಬತ್ತಿ ಬಿಚ್ಚಿದ, ಹೊಸದು ಹೊಸೆದ, ತೂತು ಕಿರಿದು ಮಾಡಿದ. ಎಂಟನೆಯ ದಿನ ಇಂಜಿನ್ನು ಬುಸುಗುಟ್ಟಿ ಮೈಸೂರು ಬಿಟ್ಟು, ಬಾಚಣಿಗೆಯ ಸೇತುವೆ ದಾಟಿ, ಮಡಿಕೇರಿಗೆ ಬಂದು ನಿಂತಿತು. ಸದ್ದು ಕೇಳಿ ಮೂಕಾಂಬಿಕೆ ಬಾಗಿಲ ಬಳಿ ಬಂದಳು. ಸಂದಿನಿಂದ ಹಬೆಯ ಜೊತೆ ಸಾರಾಯಿ ವಾಸನೆ ಬಂತು. ಮೂಗಿಗೆ ಸೆರಗು ಹಿಡಿದುಕೊಂಡೇ ನಿಂತಳು. ಬಾಗಿಲು ತೆರೆಯಲಿಲ್ಲ.

ತೆರೆದದ್ದು ಅಷ್ಟಮಿಯ ಬೆಳಿಗ್ಗೆ. ಮರುದಿನ ಆಯುಧಪೂಜೆ. ವರ್ಷವೂ ಅವನು ಪೂಜೆಯ ಮಣೆಗೆ ಕೊಡುತ್ತಿದ್ದದ್ದು ತನ್ನ ಲೇಖನಿ, ಮಸಿಕುಡಿಕೆ. ಆ ದಿನ ಕಚೇರಿಗೆ ಹೊರಟವನು ಚಪ್ಪಲಿ ಮೆಟ್ಟುತ್ತ, ಯಾವ ಸಂತೋಷದ ಮೇಲಿದ್ದನೋ, ಜನಿವಾರದಿಂದ ಬೀಗದ ಕೈ ಬಿಚ್ಚಿ ಅವಳ ಕಡೆ ಚಾಚಿದ.

"ನಾಳೆ ಪೂಜೆಗೆ ಇಂಜಿನ್ನನ್ನೂ ಇಟ್ಟುಬಿಡು. ಅದೂ ಆಯುಧವೇ. ಮಣೆ ಈಗಲೇ ಸಿದ್ಧ ಮಾಡು, ಬೆಳಿಗ್ಗೆ ಗಡಿಬಿಡಿ ಬೇಡ."

ಬೀಗದ ಕೈ ಅವಳ ಅಂಗೈಯಲ್ಲಿ ಬೆಚ್ಚಗಿತ್ತು. ಅವನು ತಿರುವಿನಲ್ಲಿ ಮರೆಯಾಗುವವರೆಗೆ ಅವಳು ಹಾಗೇ ನಿಂತಿದ್ದಳು.

ಒಳಗೆ ಹೋದಳು. ಹಲಗೆಯನ್ನೂ ಊರುಗಳನ್ನೂ ನೋಡಿದಳು. ಸೇತುವೆ ನೋಡಿ ಬಾಚಣಿಗೆಯ ಗುರುತು ಹಿಡಿದು ನಗು ಬಂತು. ಎರಡೂ ಕೈಯಲ್ಲಿ ಇಂಜಿನ್ನನ್ನು ಎತ್ತಿಕೊಂಡು ಬಂದಳು, ಕೂಸನ್ನು ಎತ್ತಿಕೊಂಡು ಬರುವ ಹಾಗೆ.

ಈಗ ಅರ್ಚಕರ ಮನೆಯ ಮಗಳು ಏನು ಮಾಡಬೇಕು ಹೇಳಿ. ಹೊಟ್ಟೆಯಲ್ಲಿ ಸಾರಾಯಿ ಉರಿಸುವ ಸಾಮಾನು, ಸಮುದ್ರ ದಾಟಿ ಬಂದದ್ದು, ಯಾರ‍್ಯಾರ ಕೈ ಮುಟ್ಟಿದ್ದು. ಅದನ್ನು ಹಾಗೇ ದೇವರ ಮುಂದೆ ಇಡಲಾಗುತ್ತದೆಯೇ? ಲೋಹಕ್ಕೆ ಮೈಲಿಗೆಯಾದರೆ ಬೂದಿ ಇದೆ, ಹುಣಸೆಹುಳಿ ಇದೆ. ಅವಳ ಅಜ್ಜಿ ಹೇಳಿಕೊಟ್ಟದ್ದು, ಅಜ್ಜಿಗೆ ಅವಳ ಅಜ್ಜಿ. ಅಲ್ಲದೆ ಗುಳ್ಳೆಯೆದ್ದ ಕಡೆ ಚಕ್ಕೆ ಹಾರಿ ಅಡಿಯಲ್ಲಿ ಹಳದಿ ಹೊಳೆಯುತ್ತಿತ್ತು. ಹಿತ್ತಾಳೆ! ಚಿನ್ನದಂಥ ಹಿತ್ತಾಳೆಯ ಮೇಲೆ ಈ ಕರಿ ಹಿಡಿದ ಹಸಿರು ಯಾಕೆ? ಬೆಂಕಿಯಲ್ಲಿಟ್ಟ ಪಾತ್ರೆಗೆ ಮಸಿ ಹಿಡಿಯುವುದು ಅವಳು ದಿನಾ ನೋಡುವುದು, ದಿನಾ ಬೆಳಗುವುದು. ಗಂಡನಿಗೆ ಬತ್ತಿ ಹೊಸೆಯಲು ಬಂತು, ಪಾತ್ರೆ ಬೆಳಗಲು ಬರಬೇಕಲ್ಲ, ಪಾಪ.

ಬಿಸಿ ಬೂದಿನೀರಿನಲ್ಲಿ ಮುಳುಗಿಸಿಟ್ಟಳು. ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಎದ್ದಿತು. ತೆಂಗಿನ ನಾರಿಗೆ ಹುಣಸೆಹುಳಿ ಹಚ್ಚಿ ತಿಕ್ಕಿದಳು. ಹಸಿರು ಹೋಯಿತು, ಕೆಂಪು ಗೆರೆ ಹೋಯಿತು, ಅಂಕೆ ಹೋಯಿತು. ಮಧ್ಯಾಹ್ನದ ಊಟ ಮರೆತು ತಿಕ್ಕಿದಳು. ಉಗುರಿನ ಸಂದಿ ಉರಿಯಿತು. ಕಬ್ಬಿಣದ ಚಕ್ರಗಳಿಗೆ ತುಕ್ಕು ಹಿಡಿಯಬಾರದೆಂದು ಈಳಿಗೆಗೆ ಹಚ್ಚುವ ಹಾಗೆ ಕೊಬ್ಬರಿ ಎಣ್ಣೆ ಹಚ್ಚಿದಳು. ಗಂಧವಿಟ್ಟು, ಕುಂಕುಮವಿಟ್ಟು, ಕೊಳವೆಗೆ ದಾಸವಾಳ ಸಿಕ್ಕಿಸಿ, ಈಳಿಗೆಗೂ ಲೇಖನಿಗೂ ನಡುವೆ ಮಣೆಯ ಮೇಲೆ ಇಟ್ಟಾಗ ನಡುಮನೆಯೇ ಬೆಳಗಿತು. ಮೂಕಾಂಬಿಕೆ ಕೈಮುಗಿದಳು. ತಲೆ ಬಾಚಿ, ಮಲ್ಲಿಗೆ ಮುಡಿದು, ಗಂಡ ಬರುವ ದಾರಿ ನೋಡುತ್ತ ಕೂತಳು. ಮದುವೆಯಾದ ಹೊಸತರಲ್ಲಿ ಹಾಗೆ ಕೂತದ್ದು ಬಿಟ್ಟರೆ ಅದೇ.

ಅವನು ಬಂದ. ನೋಡಿದ. ಮೊದಲು ಅವನಿಗೆ ಅದೇನೆಂದೇ ತಿಳಿಯಲಿಲ್ಲ. ತಿಳಿದಾಗ ಮಣೆಯ ಮುಂದೆ ಕುಸಿದು ಕೂತ.

"ಏನು ಮಾಡಿದೆ?"

"ಶುದ್ಧ ಮಾಡಿದೆ. ಒಳಗೆಲ್ಲ ಹಿತ್ತಾಳೆ ಉಂಟು ನೋಡಿ..."

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಅವಳ ಮುಖ ನೋಡದೆ, ದಾಸವಾಳವನ್ನು ಕಿತ್ತು ನೆಲಕ್ಕೆ ಹಾಕುತ್ತ ಹೇಳಿದ:

"ನೀನು ಮುಟ್ಟಿದ್ದು ಯಾವುದು ಉಳಿದುಂಟು ಈ ಮನೇಲಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹನ್ನೊಂದು ವರ್ಷ ಬಾಯಿಬಿಡದೆ ಇದ್ದವನು ಬಿಟ್ಟ ಬಾಯಿ ಇದು. ಮೂಕಾಂಬಿಕೆಗೆ ಯಾವುದರ ಮಾತೆಂದು ಕೇಳಬೇಕಾಗಿರಲಿಲ್ಲ. ತೊಟ್ಟಿಲಿನ ಹಗ್ಗ ಕಟ್ಟಲೆಂದು ಹಾಕಿದ್ದ ಕೊಂಡಿ ಇನ್ನೂ ಅದೇ ನಡುಮನೆಯ ತೊಲೆಯಲ್ಲಿತ್ತು. ಇಷ್ಟು ವರ್ಷ ಇವನೂ ಹಾಗೇ ಎಣಿಸುತ್ತಿದ್ದನೋ ಎಂದುಕೊಳ್ಳುತ್ತ ಅವಳು ಅಡುಗೆಮನೆಗೆ ಹೋಗಿ, ಕತ್ತಲೆಯಲ್ಲಿ ಮಲ್ಲಿಗೆ ತೆಗೆದು ಒಲೆಗೆ ಹಾಕಿದಳು.

ನವಮಿಯ ಪೂಜೆ ಆಯಿತು. ಮಾತಿಲ್ಲದೆ ಆಯಿತು. ಇಂಜಿನ್ನನ್ನು ಅವನು ಹಿಂದಿನ ಸಂಜೆಯೇ ಕೋಣೆಗೆ ಒಯ್ದು ಬೀಗ ಹಾಕಿದ್ದ. ದೊರೆಗೆ ಏನು ಹೇಳುವುದು, ಇನ್ನು ಕ್ಯಾಟಲಾಗು ಬರುತ್ತದೆಯೇ, ದೊರೆ ತನ್ನನ್ನು ನಂಬುತ್ತಾನೆಯೇ ಎಂದು ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದ.

ವಿಜಯದಶಮಿಯ ಮರುದಿನ ಬೆಳಿಗ್ಗೆ ಮೋಟಾರು ಬಂತು. ಮೂಕಾಂಬಿಕೆ ದೊರೆಗೆಂದೇ ಬೇರೆ ಇಟ್ಟಿದ್ದ ಗಾಜಿನ ಲೋಟದಲ್ಲಿ ನಿಂಬೆಹಣ್ಣಿನ ಪಾನಕ ಮಾಡಿ ಗಂಡನ ಕೈಗೆ ಕೊಟ್ಟು, ನಡುಮನೆಯ ಬಾಗಿಲ ಹಿಂದೆ ನಿಂತಳು. ದೊರೆಯ ಕಂಕುಳಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಕೋಣೆಯ ಬಾಗಿಲು ತೆರೆಯಿತು. ದೊರೆ ಒಂದು ಹೆಜ್ಜೆ ಇಟ್ಟು ನಿಂತುಬಿಟ್ಟ.

"ಏನಿದು? ನಾನು ಹಸಿರು ಇಂಜಿನ್ ಕೊಟ್ಟಿತ್ತು."

ದೊರೆಯ ಮುಖದಲ್ಲಿರುವುದು ಸಿಟ್ಟೋ ಬೆರಗೋ ಎಂದು ನೋಡುವಷ್ಟು ತಾಳ್ಮೆ ತಿರುಮಲೇಶ್ವರಯ್ಯನಿಗೆ ಇರಲಿಲ್ಲ.

"ನಾನಲ್ಲ ಸಾರ್! ನಾನು ಕಚೇರಿಯಲ್ಲಿದ್ದೆ. ನಮ್ಮ ಕೆಲಸದವಳು... ಬುದ್ಧಿಯಿಲ್ಲದ ಹೆಂಗಸು ಸಾರ್, ಪಾತ್ರೆ ಅಂತ ತಿಕ್ಕಿಬಿಟ್ಟಿದ್ದಾಳೆ. ಕ್ಷಮಿಸಬೇಕು."

ಆ ಮನೆಯಲ್ಲಿ ಕೆಲಸದವಳು ಎಂದೂ ಇರಲಿಲ್ಲ. ಬಾಗಿಲ ಹಿಂದೆ ಮೂಕಾಂಬಿಕೆ ಉಗುರಿನ ಸಂದಿಯಲ್ಲಿ ಇನ್ನೂ ಮಾಯದ ಗೀರುಗಳನ್ನು ನೋಡಿಕೊಂಡಳು.

ದೊರೆ ಇಂಜಿನ್ನನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕ. "ಚೆನ್ನಾಗಿದೆ! ಬಹಳ ಚೆನ್ನಾಗಿದೆ, ಭಟ್! ನಿಮ್ಮ ದೇವಸ್ಥಾನದ ಗಂಟೆ ಹಾಗೆ. ಕ್ಲಬ್ಬಿನಲ್ಲಿ ಯಾರ ಹತ್ತಿರವೂ ಇಂಥದು ಇಲ್ಲ." ನೀರು ತುಂಬಿಸಿ ದೀಪ ಹಚ್ಚಿಸಿದ. ಇಂಜಿನ್ನು ಮೈಸೂರು ಬಿಟ್ಟು ಮಡಿಕೇರಿಗೆ ಬಂತು. ಸೊಗಸಾಗಿ ಓಡಿತು. ದೊರೆ ಮಗುವಿನ ಹಾಗೆ ಚಪ್ಪಾಳೆ ಹೊಡೆದ.

ಈಗಲಾದರೂ ಹೇಳಬಹುದಿತ್ತು. ಬೆಳಗಿದವಳು ನನ್ನ ಹೆಂಡತಿ ಸಾರ್, ಎಂದರೆ ಎಲ್ಲ ಮುಗಿಯುತ್ತಿತ್ತು. ಬಾಗಿಲ ಹಿಂದೆ ಅವಳು ಅದನ್ನೇ ಕಾದಳು. ತಿರುಮಲೇಶ್ವರಯ್ಯ ಹಲ್ಲು ಕಿರಿದು ನಿಂತಿದ್ದ.

ದೊರೆ ರಟ್ಟಿನ ಪೆಟ್ಟಿಗೆ ಬಿಚ್ಚಿದ. ಒಳಗೆ ಹಸಿರು ಬಣ್ಣದ ಗಾರ್ಡಿನ ಡಬ್ಬಿ. ಜಗಲಿ, ಕಟಾಂಜನ, ಕೊಳವೆ, ಕೆಂಪು ದೀಪ. ಇಂಜಿನ್ನಿನ ಪಕ್ಕ ಹಿಡಿದು ನೋಡಿ ತಲೆಯಾಡಿಸಿದ. "ಇದರ ಜೊತೆಗೆ ಅಂತ ತರಿಸಿತ್ತು. ಈಗ ಹೊಂದೋದಿಲ್ಲ. ಬೇರೆ ತರಿಸುತ್ತೆ." ಸ್ವಲ್ಪ ಯೋಚಿಸಿ ಕೇಳಿದ, "ಆ ಹೆಂಗಸಿಗೆ ಮಗು ಇದೆಯಾ?"

ಒಂದು ಸುಳ್ಳಿನ ಬಾಲ ಹಿಡಿದವನು ಬಿಡುವುದೆಲ್ಲಿ?

"ಇದೆ ಸಾರ್."

"ಹಾಗಾದರೆ ಇದು ಆ ಮಗುವಿಗೆ. ಇನಾಮು. ಆಡಿಕೊಳ್ಳಲಿ."

ಮೋಟಾರು ಹೊರಟುಹೋಯಿತು. ಇಂಜಿನ್ನು ದೊರೆಯ ತೊಡೆಯ ಮೇಲೆ ಹೋಯಿತು. ಪಾನಕ ಲೋಟದಲ್ಲಿ ಹಾಗೇ ಉಳಿದಿತ್ತು. ತಿರುಮಲೇಶ್ವರಯ್ಯ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೋಣೆಯ ಕಡೆ ತಿರುಗಿದ, ಮುಖ ಅರಳಿತ್ತು. ಬದುಕಿನಲ್ಲಿ ಮೊದಲ ಸಲ ವಿಲಾಯಿತಿಯ ಹೊಸ ಸಾಮಾನು ಅವನ ಕೈ ಸೇರಿತ್ತು. ಎದುರಿಗೆ ಮೂಕಾಂಬಿಕೆ ನಿಂತಿದ್ದಳು.

"ಕೊಡಿ," ಎಂದಳು.

"ಏನು?"

"ಕೆಲಸದವಳಿಗೆ ಕೊಟ್ಟದ್ದಲ್ವಾ? ಕೊಡಿ."

ಅವನ ಮುಖ ಸಪ್ಪಗಾಯಿತು. "ಹೆದರಿಕೆಯಲ್ಲಿ ಬಾಯಿಗೆ ಬಂತು, ಹೇಳಿದೆ. ಅದನ್ನೇ ಹಿಡ್ಕೊಂಡ್ರೆ..."

"ಮಗು ಉಂಟು ಅಂತಲೂ ಬಾಯಿಗೆ ಬಂತಾ?"

ಡಬ್ಬಿ ಕೈ ಬದಲಾಯಿತು. ಅವಳು ಅದನ್ನು ಅಡುಗೆಮನೆಗೆ ಒಯ್ದು, ಒಲೆಯ ಮೇಲಿನ ಗೂಡಿನಲ್ಲಿ, ಉಪ್ಪಿನ ಮರಿಗೆಯ ಪಕ್ಕ ಇಟ್ಟಳು. ವರ್ಷ ಕಾದು ಬಯಸಿದ ಸಾಮಾನು. ಕೈಗೆ ಬಂದ ದಿನ ಅದನ್ನು ಒಂದು ಸಲವೂ ತಿರುಗಿಸಿ ನೋಡಲಿಲ್ಲ. ನೋಡುವ ಮನಸ್ಸೇ ಸತ್ತಿತ್ತು.

ಡಬ್ಬಿ ಅಲ್ಲೇ ಉಳಿಯಿತು. ಹೊಗೆ ಹಿಡಿದು ಹಸಿರು ಕಪ್ಪಾಯಿತು, ಕೆಂಪು ದೀಪ ಕಾಣದಾಯಿತು. ಮನೆಯ ಪಾತ್ರೆಗಳೆಲ್ಲ ದಿನವೂ ಬೆಳಗುತ್ತಿದ್ದವು, ಅದೊಂದನ್ನು ಅವಳು ಮುಟ್ಟಲಿಲ್ಲ. ತಿರುಮಲೇಶ್ವರಯ್ಯ ಊಟಕ್ಕೆ ಕೂತಾಗ ಅವನ ಕಣ್ಣು ಗೂಡಿನ ಕಡೆ ಹೋಗುತ್ತಿತ್ತು. ಕೇಳುವ ಧೈರ್ಯ ಬರಲಿಲ್ಲ. ಅವನ ತಗಡಿನ ಗಾಡಿ ಗಾರ್ಡಿನ ಡಬ್ಬಿಯಿಲ್ಲದೆ ಮಡಿಕೇರಿಗೆ ಬರುತ್ತಿತ್ತು, ಹೋಗುತ್ತಿತ್ತು. ಅದು ಬರದಿದ್ದರೆ ಗಾಡಿ ಬಂದ ಹಾಗಲ್ಲ ಎಂದು ಹೇಳಿಕೊಟ್ಟವನೇ ಅವನು. ಪೆನ್‌ರೋಸ್ ದೊರೆ ಮತ್ತೆ ಆ ಮನೆಗೆ ಬರಲಿಲ್ಲ. ಬಂಗಾರದಂಥ ಇಂಜಿನ್ನನ್ನು ಕ್ಲಬ್ಬಿನಲ್ಲಿ ತೋರಿಸಿ ಹೆಸರು ಮಾಡಿಕೊಂಡನೆಂದು ಕಚೇರಿಯಲ್ಲಿ ಸುದ್ದಿ ಬಂತು. ಬತ್ತಿ ಹೊಸೆದವನ ಹೆಸರು ಅಲ್ಲಿ ಯಾರೂ ಎತ್ತಲಿಲ್ಲವಂತೆ. ಕ್ಯಾಟಲಾಗು ಮಾತ್ರ ಹಳೆಯ ರೂಢಿಯಂತೆ ಆಳಿನ ಕೈಯಲ್ಲಿ ಬಂತು.

ಅದು ಬಂದ ಸಂಜೆ ಅವನು ಜಗಲಿಯಲ್ಲಿ ಪುಟ ತಿರುವಿದ. ಆ ವರ್ಷ ಹೊಸ ಗಾರ್ಡಿನ ಡಬ್ಬಿ ಬಿಟ್ಟಿದ್ದರು; ಜಗಲಿ ದೊಡ್ಡದು, ಕಿಟಕಿಗೆ ಗಾಜು, ಎರಡು ದೀಪ. ಬಹಳ ಹೊತ್ತು ನೋಡಿದ. ಕಡೆಗೆ ಎದ್ದು ಕೋಣೆಯ ಬಾಗಿಲು ಪೂರ್ತಿ ತೆರೆದಿಟ್ಟು, ಒಳಗಿನ ದೀಪ ಹಚ್ಚಿ, ನಡುಮನೆಯ ಹೊಸ್ತಿಲಿಗೆ ಬಂದು ನಿಂತ.

"ಬಾ," ಎಂದ. "ನೋಡು."

ಅಡುಗೆಮನೆಯಲ್ಲಿ ನಾರು ಪಾತ್ರೆಗೆ ಉಜ್ಜುವ ಸದ್ದು ಒಂದು ಗಳಿಗೆ ನಿಂತಿತು. ಮತ್ತೆ ಶುರುವಾಯಿತು.

"ಕೈ ಮುಸುರೆ," ಎಂದಳು ಮೂಕಾಂಬಿಕೆ, ತಲೆ ಎತ್ತದೆ. "ಕೆಲಸ ಉಂಟು."